ತಕ್ಕಡಿಯಲ್ಲಿ ಕವಚ ತೂಗಿದ್ದು

ಚಿಕ್ಕಪ್ಪನ ಬೆಲ್ಲದ ಮಂಡಿಯ ಅಟ್ಟದಲ್ಲಿ ಗೋಣಿತಾಟು ಹೊದ್ದು ಮಲಗಿದ್ದ ತಕ್ಕಡಿಯನ್ನು ಕೆಳಗಿಳಿಸಿದಾಗ ತಟ್ಟೆಗಳಲ್ಲಿ ಬೆರಳಿಗೆ ಮೆತ್ತುವಷ್ಟು ಧೂಳಿತ್ತು. ದಂಡದ ನಡುವೆ ಜೇಡ ಮನೆ ಮಾಡಿತ್ತು.

"ಇದ್ಯಾಕವ್ವ ಈಗ? ತೂಗಾಕೆ ಎಲೆಕ್ಟ್ರಾನಿಕ್ ಮಿಷನ್ ಅದಲ್ಲ."

"ಬೆಲ್ಲಕ್ಕಲ್ಲ ಚಿಕ್ಕಪ್ಪ. ಕವಚ ತೂಗಬೇಕು."

ಚಿಕ್ಕಪ್ಪ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. "ತಕಂಡೋಗು. ನಿಮ್ಮ ತಾತ ಮುಟ್ಟಿದ್ದು, ಹಾಳು ಮಾಡ್ಬ್ಯಾಡ" ಅಂದರು.

ಭಾನುವಾರ ಸಂಜೆ ನಮ್ಮ ನಡುಮನೆಯಲ್ಲಿ ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬರು ಕತೆ ನಡೆಸಿ, ಮಿಕ್ಕವರು ಕತೆಯ ಒಂದೊಂದು ಪಾತ್ರವಾಗಿ ದಾಳ ಎಸೆದು ಆಡುವ, 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ನಾವು ಹಿಡಿದಿರುವುದು 2014ರ ಐದನೆಯ ಆವೃತ್ತಿಯ ನಿಯಮ. ಕತೆ ನಡೆಸುವವಳು ನಾನು. ನನ್ನ ತಮ್ಮ ಯೋಧ, ಚಿಕ್ಕಪ್ಪನ ಮಗಳು ಕಳ್ಳಿ, ನಮ್ಮ ಯಜಮಾನರು ಮಾಂತ್ರಿಕ, ಪಕ್ಕದ ಮನೆಯ ಪಿಯುಸಿ ಹುಡುಗ ಬೇಟೆಗಾರ. ಕತೆ ನಡೆಯುವ ನಾಡು ನಾವೇ ಕಟ್ಟಿಕೊಂಡದ್ದು: ನದಿಯ ಎರಡು ಕವಲಿನ ನಡುವೆ ಕೋಟೆ, ಸುತ್ತ ಕಬ್ಬಿನ ಗದ್ದೆ, ಆಚೆಗೆ ಬಂಡೆಯ ಗುಡ್ಡ. ಶ್ರೀರಂಗಪಟ್ಟಣ, ಮೇಲುಕೋಟೆ ನೋಡಿದವರಿಗೆ ಅದು ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ.

ಹೋದ ಕತೆ ಮುಗಿದ ಮೇಲೆ ತಮ್ಮನ ಪಾತ್ರದ ವಿವರ ಬರೆದ ಹಾಳೆಯನ್ನು ಎತ್ತಿಕೊಂಡು ಅವನ ಸಾಮಾನನ್ನೆಲ್ಲ ಕೂಡಿಸಿ ನೋಡಿದೆ. ಮೈತುಂಬ ಪ್ಲೇಟ್ ಕವಚ, ಎರಡು ಕೈಯ ದೊಡ್ಡ ಕತ್ತಿ, ಅದು ಸಾಲದೆ ಉದ್ದಕತ್ತಿ, ಗುರಾಣಿ, ಉದ್ದಬಿಲ್ಲು, ಐದು ಭರ್ಜಿ, ಹಗ್ಗ, ಪಂಜು, ಹಾಸಿಗೆ, ಹತ್ತು ದಿನದ ಬುತ್ತಿ. ಒಟ್ಟು 139 ಪೌಂಡ್, ಅಂದರೆ 63 ಕೆಜಿ ಮೇಲೆ. ನಿಯಮ ಮುರಿದಿಲ್ಲ ಅವನು. ಮೂಲ ನಿಯಮ ಬಲದ ಅಂಕದ 15 ಪಟ್ಟು ಹೊರಲು ಬಿಡುತ್ತದೆ. ಬಲ 16 ಇದ್ದವನಿಗೆ 240 ಪೌಂಡ್. ಆದರೆ ಇಷ್ಟು ಹೊತ್ತುಕೊಂಡೇ ಅವನು ಗುಡ್ಡ ಹತ್ತಿದ್ದ, ಗೋಡೆ ಹಾರಿದ್ದ, ಕಾಲುವೆ ಈಜಿದ್ದ. ಒಂದು ಸಲವೂ ನನಗೆ ತಡೆಯಬೇಕು ಅನ್ನಿಸಿರಲಿಲ್ಲ, ಯಾಕೆಂದರೆ ಹಾಳೆಯ ಮೇಲೆ ತೂಕ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಎಸಿ (ಆರ್ಮರ್ ಕ್ಲಾಸ್) ಒಂದೇ. ಹೊಡೆತ ತಾಗಲು ಎದುರಾಳಿ 20 ಮುಖದ ದಾಳ ಎಸೆದು, ತನ್ನ ಕೂಡಿಕೆ ಸೇರಿಸಿ ಮುಟ್ಟಬೇಕಾದ ಅಂಕ ಅದು. ಅದು ದೊಡ್ಡದಾದಷ್ಟೂ ಒಳ್ಳೆಯದು ಅಂತ ಎಲ್ಲರೂ ಪಟ್ಟಿಯ ಕೊನೆಯ ಸಾಲಿಗೇ ಕೈ ಹಾಕುತ್ತಿದ್ದರು.

ಅದೇ ನಿಯಮದಲ್ಲಿ ಬೇಕಾದವರು ಹಿಡಿಯಬಹುದಾದ ಬಿಗಿಯ ಲೆಕ್ಕವೂ ಇದೆ. ಬಲದ ಅಂಕದ 5 ಪಟ್ಟು ಮೀರಿದರೆ ನಡಿಗೆ 10 ಅಡಿ ಇಳಿಯುತ್ತದೆ. 10 ಪಟ್ಟು ಮೀರಿದರೆ 20 ಅಡಿ ಇಳಿಯುತ್ತದೆ, ಅದರ ಜೊತೆಗೆ ಹೊಡೆಯುವಾಗ ಎರಡು ದಾಳ ಎಸೆದು ಚಿಕ್ಕದನ್ನೇ ಇಟ್ಟುಕೊಳ್ಳಬೇಕು. ಈ ಲೆಕ್ಕ ಹಿಡಿದರೆ ಭಾರೀ ಕವಚಕ್ಕೆ ಇಂತಿಷ್ಟು ಬಲ ಬೇಕು ಅನ್ನುವ ಷರತ್ತನ್ನು ಕೈಬಿಡಬಹುದು. ಆ ಕೆಲಸವನ್ನು ತೂಕವೇ ಮಾಡುತ್ತದೆ. ಹೊಸ ಕತೆಗೆ ಇದನ್ನೇ ಹಿಡಿಯೋಣ ಅಂದೆ. ಯಜಮಾನರು, "ಪ್ರತಿ ಬಾಣಕ್ಕೂ ಲೆಕ್ಕ ಬರೀತಾ ಕೂತರೆ ಆಟ ಯಾವಾಗ ಆಡೋದು?" ಅಂದರು. ನ್ಯಾಯವಾದ ಮಾತು. ಬರೆಯುವುದು ಬೇಡ, ತೂಗಿಯೇ ಬಿಡೋಣ ಅನ್ನಿಸಿದ್ದು ಆಗ. ಒಂದು ತಟ್ಟೆಯಲ್ಲಿ ಬಲದ ಲೆಕ್ಕದ ಕಲ್ಲು, ಇನ್ನೊಂದರಲ್ಲಿ ಒಂದೊಂದು ಸಾಮಾನಿಗೂ ಅದರ ತೂಕಕ್ಕೆ ತಕ್ಕ ಬಿಲ್ಲೆ. ಸಾಮಾನಿನ ತಟ್ಟೆ ಕೆಳಗೆ ಹೋದರೆ ಕಾಲು ನಿಧಾನ. ಲೆಕ್ಕವನ್ನು ತಕ್ಕಡಿ ಹೇಳುತ್ತದೆ.

ಮೊದಲ ವಾರ ಪೂರ್ತಿ ತಕ್ಕಡಿಗೇ ಹೋಯಿತು. ಖಾಲಿ ಎತ್ತಿ ಹಿಡಿದರೆ ಎಡದ ತಟ್ಟೆ ಎರಡು ಬೆರಳು ಕೆಳಗೆ. ಒಂದು ಕಡೆ 15 ಗ್ರಾಂ ಇಟ್ಟರೂ ಮುಳ್ಳು ಅಲ್ಲಾಡುತ್ತಿರಲಿಲ್ಲ, ಆಮೇಲೆ ಒಮ್ಮೆಗೇ ವಾಲುತ್ತಿತ್ತು. ಇವೆರಡೂ ಬೇರೆ ಬೇರೆ ರೋಗ. ಮುಳ್ಳು ಕಚ್ಚಿಕೊಳ್ಳುವುದು ದಂಡ ಕೂರುವ ಅಂಚಿನ ತುಕ್ಕಿನಿಂದ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ನಯವಾದ ಎಮರಿ ಕಾಗದವನ್ನು ಹಗುರಕ್ಕೆ ಆಡಿಸಿದೆ. ಅಂಚಿಗೆ ಅರ ಮುಟ್ಟಿಸಲಿಲ್ಲ. ಆ ಚೂಪು ಹೋದರೆ ತಕ್ಕಡಿ ಸತ್ತಂತೆ. ಒಣಗಿಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ ಮೇಲೆ 3 ಗ್ರಾಂಗೂ ಮುಳ್ಳು ಮಾತಾಡತೊಡಗಿತು.

ಎಡ ತಟ್ಟೆಯ ವಾಲು ಎರಡು ಕಾರಣಕ್ಕೆ ಬರಬಹುದು: ಆ ತಟ್ಟೆ ಭಾರ ಇರಬೇಕು, ಇಲ್ಲವೇ ದಂಡದ ಆ ಕೈ ಉದ್ದ ಇರಬೇಕು. ಮೊದಲನೆಯದಕ್ಕೆ ಬಲಗಡೆ ಏನಾದರೂ ಕಟ್ಟಿದರೆ ಸಾಕು. ಎರಡನೆಯದಾದರೆ ಎಷ್ಟು ಕಟ್ಟಿದರೂ ಪ್ರತಿ ತೂಕವೂ ಸುಳ್ಳು ಹೇಳುತ್ತದೆ. ಬಲ ತಟ್ಟೆಯ ಕೆಳಗೆ ವಾಷರ್ ಕಟ್ಟಿ ಖಾಲಿ ತಕ್ಕಡಿಯನ್ನು ಸಮ ಮಾಡಿದೆ. ಆಮೇಲೆ ಎರಡೂ ಕಡೆ ಅಷ್ಟಷ್ಟೇ ಅಕ್ಕಿ ಹಾಕಿ ಸಮ ನಿಲ್ಲಿಸಿ, ಅಕ್ಕಿಯನ್ನು ಅದಲುಬದಲು ಮಾಡಿದೆ. ಮುಳ್ಳು ಅಲ್ಲೇ ನಿಂತಿತು. ಕೈಗಳು ಸರಿಯಾಗಿವೆ, ತಟ್ಟೆಯಷ್ಟೇ ಭಾರ. ಎಡ ತಟ್ಟೆಯ ತಳದಲ್ಲಿ ಹಳೆ ಬೆಸುಗೆಯ ತೇಪೆಯೂ ಸಿಕ್ಕಿತು. ತಾತನೇ ಹಾಕಿಸಿದ್ದಿರಬೇಕು.

ತೂಕದ ಅಳತೆ ಗೊತ್ತು ಮಾಡುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಆಟದ ಪಟ್ಟಿ ಪೌಂಡಿನಲ್ಲಿದೆ. ಪೌಂಡಿಗೆ 10 ಗ್ರಾಂ ಇಟ್ಟರೆ ಪ್ಲೇಟ್ ಕವಚದ ಬಿಲ್ಲೆ 650 ಗ್ರಾಂ ಆಗುತ್ತದೆ, ಮಕ್ಕಳ ಕಾಲ ಮೇಲೆ ಬಿದ್ದರೆ ಗತಿಯೇನು? 2 ಗ್ರಾಂ ಇಟ್ಟರೆ ಚೂರಿಗೂ ಬರಿಗೈಗೂ ತಕ್ಕಡಿ ವ್ಯತ್ಯಾಸ ಹೇಳುವುದಿಲ್ಲ. 5 ಗ್ರಾಂ ಅಂತ ಇಟ್ಟಾಗ ಎಲ್ಲ ಸಲೀಸಾಗಿ ಕೂತಿತು. ಬಲದ ಒಂದು ಅಂಕಕ್ಕೆ 5 ಪೌಂಡ್, ಅಂದರೆ 25 ಗ್ರಾಂ. ಬಲ 16 ಅಂದರೆ 400 ಗ್ರಾಂ: ಮಂಡಿಯ ಎರಡು 200ರ ಕಲ್ಲು. ಬಲ 8 ಅಂದರೆ ಒಂದೇ 200ರ ಕಲ್ಲು. ನಡುವಿನ ಅಂಕಗಳಿಗೆ ವಾಷರ್ ಪೋಣಿಸಿ ನಾಲ್ಕು 25ರ ಕಲ್ಲು ಮಾಡಿಕೊಂಡೆ.

ಬಿಲ್ಲೆಗಳನ್ನು ದುಂಡಗೆ ಮಾಡಬೇಕು ಅಂತ ಮೊದಲೇ ಮನಸ್ಸಿನಲ್ಲಿತ್ತು. ಇಸ್ಪೀಟಿನಂಥ ಹಳೆಯ ಆಟವಾದ ಮೈಸೂರಿನ ಗಂಜೀಫಾದ ಎಲೆಗಳು ದುಂಡಗಿರುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅರಮನೆಯಲ್ಲಿ ಆ ಎಲೆಗಳಿಗೆ ಹೊಸ ಹೊಸ ಆಟ ಕಟ್ಟಿಸಿದವರು. ಆಟಕ್ಕೆ ಇಷ್ಟು ಮನಸ್ಸು ಕೊಟ್ಟ ಊರು ಪಕ್ಕದಲ್ಲೇ ಇರುವಾಗ ನಾವು ಚೌಕದ ರಟ್ಟು ಕತ್ತರಿಸಿ ಇಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಸಾಮಾನ್ಯ ಗಂಜೀಫಾದ ಒಂದೊಂದು ಬಣಕ್ಕೂ 12 ಎಲೆ. ರಾಜ, ಮಂತ್ರಿ, ಮಿಕ್ಕವು ಒಂದರಿಂದ ಹತ್ತು. ಬಣವನ್ನು ಹಿನ್ನೆಲೆಯ ಬಣ್ಣದಿಂದಲೇ ಗುರುತಿಸುತ್ತಾರೆ. ನಮ್ಮ ಆಟದ ಪಟ್ಟಿಯಲ್ಲಿ ಗುರಾಣಿ ಬಿಟ್ಟು ಕವಚಗಳು ಎಣಿಸಿದರೆ ಸರಿಯಾಗಿ 12. ಅದು ಗೊತ್ತಾದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಗುರ ಕವಚಕ್ಕೆ ಹಳದಿ, ನಡುವಿನದಕ್ಕೆ ಹಸಿರು, ಭಾರಕ್ಕೆ ಕೆಂಪು ಅಂತ ಬಣ್ಣ ಗೊತ್ತು ಮಾಡಿದೆ.

ಒಳಗೆ ಭಾರಕ್ಕೆ ಏನು ತುಂಬುವುದು? ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಸುಲಭವಾಗಿ ಸಿಗುತ್ತದೆ, ಚಿಕ್ಕದರಲ್ಲೇ ಭಾರ. ಆದರೆ ಸೀಸ ವಿಷ. ಕೈಗೆ ಹತ್ತಿದ್ದು ಬಾಯಿಗೆ ಹೋಗುತ್ತದೆ. ಆಡುತ್ತಾ ಕಡಲೆಪುರಿ ತಿನ್ನುವ ಮನೆಯಲ್ಲಿ ಅದು ಬೇಡವೇ ಬೇಡ. ಲೇತ್ ಅಂಗಡಿಯಲ್ಲಿ 50 ಮಿಮೀ ದಪ್ಪದ ಎಂ.ಎಸ್. (ಮೆದು ಉಕ್ಕಿನ) ರಾಡಿನ ತುಂಡುಗಳು ಬಿದ್ದಿದ್ದವು. ಕಬ್ಬಿಣದ ಆ ಬಿಲ್ಲೆ ಒಂದು ಮಿಮೀ ದಪ್ಪಕ್ಕೆ ಸುಮಾರು 15 ಗ್ರಾಂ ತೂಗುತ್ತದೆ. ಕಬ್ಬಿಣದ ಬಳೆ ಹೆಣೆದ ಚೈನ್ ಮೇಲ್ ಕವಚ 55 ಪೌಂಡ್, ನಮ್ಮ ಲೆಕ್ಕದಲ್ಲಿ 275 ಗ್ರಾಂ. ಮರದ ತೂಕ 31 ಕಳೆದರೆ 244. ಹಾಗಾಗಿ 16 ಮಿಮೀ. ಪ್ಲೇಟ್‌ಗೆ 19 ಮಿಮೀ. ಬರೆದುಕೊಂಡು ಹೋದ ಅಳತೆ ನೋಡಿ ಅಂಗಡಿಯವರು, "ಇದ್ಯಾವ ಮಿಷನ್ನಿಗೆ ಮೇಡಂ?" ಅಂದರು. ಹೇಳಿದೆ. ಅರ್ಧ ಗಂಟೆ ಕೂರಿಸಿಕೊಂಡು ಆಟದ ಕತೆಯನ್ನೆಲ್ಲ ಕೇಳಿ, ಅಂಚಿನ ಚೂಪನ್ನು ತಾವಾಗಿಯೇ ಮುರಿದುಕೊಟ್ಟರು.

ಮರದ ಭಾಗ ಹೀಗೆ: 70 ಮಿಮೀ ಅಗಲದ ದುಂಡು ಪ್ಲೈವುಡ್, ಮೇಲೆ ಕೆಳಗೆ 3 ಮಿಮೀ ಮುಚ್ಚಳ, ನಡುವೆ ಹೋಲ್ ಸಾ ಹಾಕಿ ಕೊರೆದ ಬಳೆಗಳು. ಕಬ್ಬಿಣ ಬಳೆಯೊಳಗೆ ಕೂರುತ್ತದೆ. ಮೊದಲ ಮೂರನ್ನು ಮರಕ್ಕೆ ಹಾಕುವ ಬಿಳಿ ಅಂಟಿನಲ್ಲೇ ಅಂಟಿಸಿದ್ದೆ. ಎರಡೇ ದಿನಕ್ಕೆ ಅಲುಗಿಸಿದರೆ ಒಳಗೆ ಗಡಗಡ ಸದ್ದು. ಆ ಅಂಟು ಎರಡು ಮರವನ್ನು ಹಿಡಿಯುತ್ತದೆ, ನಯವಾದ ಕಬ್ಬಿಣವನ್ನು ಹಿಡಿಯುವುದಿಲ್ಲ. ಬಿಚ್ಚಿ, ಕಬ್ಬಿಣವನ್ನು ಒರಟು ಕಾಗದದಲ್ಲಿ ತಿಕ್ಕಿ, ಎಣ್ಣೆ ಜಿಡ್ಡು ಒರೆಸಿ, ಎರಡು ಟ್ಯೂಬು ಬೆರೆಸುವ ಎಪಾಕ್ಸಿಯಲ್ಲಿ ಕೂರಿಸಿದೆ. ಮತ್ತೆ ಅಲುಗಿಲ್ಲ.

ತೂಕ ಹೊಂದಿಸುವ ಕೆಲಸವನ್ನು ಮುಚ್ಚಳ ಹಾಕುವ ಮೊದಲೇ ಮಾಡಬೇಕು. ಎಲ್ಲವನ್ನೂ, ಮುಚ್ಚಳ ಮತ್ತು ಅಂಟನ್ನೂ ಸೇರಿಸಿ, ಅಡುಗೆಮನೆಯ ಡಿಜಿಟಲ್ ಯಂತ್ರದ ಮೇಲಿಟ್ಟು ನೋಡಿ, ಹೆಚ್ಚಿದ್ದರೆ ಕಬ್ಬಿಣಕ್ಕೆ ತೂತು ಹೊಡೆಯುವುದು. ಚೈನ್ ಮೇಲಿನ ಬಿಲ್ಲೆಗೆ 8 ಮಿಮೀ ತೂತು ಒಂದು ಹೊಡೆದರೆ 6 ಗ್ರಾಂ ಇಳಿಯಿತು. ಬಣ್ಣಕ್ಕೂ ವಾರ್ನಿಷ್‌ಗೂ ಎರಡು ಗ್ರಾಂ ಬಿಟ್ಟುಕೊಳ್ಳಿ. ನಾನು ಬಿಡದೆ ಮಾಡಿದ ಲೆದರ್ ಬಿಲ್ಲೆ 53ಕ್ಕೆ ನಿಂತಿದೆ, ಇರಬೇಕಾದ್ದು 50. ಹಗುರದವುಗಳಿಗೆ ರಾಡು ಬೇಡ. ತೆಳುವಾಗಿ ಕೊಯ್ಯುವುದೂ ಕಷ್ಟ. ವಾಷರ್ ಸಾಕು. ಆಯುಧಗಳಿಗೆ 40 ಮಿಮೀ ಬಿಲ್ಲೆ: ಚೂರಿ 5 ಗ್ರಾಂ, ಉದ್ದಕತ್ತಿ 15, ಗುರಾಣಿ 30.

ಚಿತ್ರ ಬರೆಯುವಾಗ ಹೆಸರಿನ ಪ್ರಶ್ನೆ ಎದ್ದಿತು. ಈ ನಿಯಮಗಳ ಮೂಲ ಪಠ್ಯ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದಿದೆ, ಹಾಗಾಗಿ ನಮ್ಮ ಮಾತಿನಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಕೆಲವು ತಾವಾಗಿಯೇ ಬಂದವು. ಸ್ಲಿಂಗ್ ಅಂದರೆ ಕವಣೆ. ರಾಗಿ ತೆನೆ ಕಾಯುವಾಗ ಹಕ್ಕಿ ಓಡಿಸಲು ಬೀಸುತ್ತಿದ್ದದ್ದು. ಆಟದಲ್ಲಿ ಅದಕ್ಕೆ 4 ಮುಖದ ದಾಳ, ತೂಕವೇ ಇಲ್ಲ. ಸಿಕಲ್ ಅಂದರೆ ಕುಡುಗೋಲು. ಕ್ವಾರ್ಟರ್‌ಸ್ಟಾಫ್‌ಗೆ ದೊಣ್ಣೆ, ದೊಣ್ಣೆವರಸೆ ನೋಡಿದವರಿಗೆ ಅದು ಒಂದು ಕೈಯಲ್ಲಿ 6 ಮುಖದ ದಾಳ, ಎರಡು ಕೈಯಲ್ಲಿ ಹಿಡಿದರೆ 8 ಮುಖದ ದಾಳ ಯಾಕಾಗುತ್ತದೆ ಅಂತ ವಿವರಿಸಬೇಕಿಲ್ಲ. ಸಿಮಿಟರ್‌ಗೆ ಕೊಡಗಿನ ಒಡಿಕತ್ತಿಯ ಚಿತ್ರ ಹಾಕಿದೆ. ಅದರ ಅಲಗು ಒಳಕ್ಕೆ ಬಾಗಿರುತ್ತದೆ, ಸಿಮಿಟರ್ ಹೊರಕ್ಕೆ. ಎರಡೂ ಕೊಚ್ಚುವ ಆಯುಧವೇ ಆದ್ದರಿಂದ ಅಂಕ ಬದಲಿಸಲಿಲ್ಲ. ಕವಚಗಳಿಗೆ ಮಾತ್ರ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡೆವು, ಆಡುವಾಗ ಬಾಯಿಗೆ ಬರುವುದು ಅದೇ.

ಹಗುರ ಕವಚದ ಚಿತ್ರಕ್ಕೆ ವೀರಗಲ್ಲುಗಳನ್ನು ನೋಡಿಕೊಂಡೆ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ್ದು, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನೆಟ್ಟದ್ದು. ಬೇಟೆಗಾರನ ಜೊತೆಗೆ ನಾಯಿ ಬೇಕೇ ಬೇಕು ಅಂತ ಪಕ್ಕದ ಮನೆ ಹುಡುಗ ಹಟ ಹಿಡಿದಿದ್ದೇ ಆ ಕತೆ ಕೇಳಿ. ನಮ್ಮ ಕಡೆ ಊರಾಚೆ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ವೀರರಿಗೆ ಸೊಂಟದ ಬಟ್ಟೆ, ಅದಕ್ಕೆ ಸಿಕ್ಕಿಸಿದ ಚೂರಿ, ಕೈಯಲ್ಲಿ ಬಿಲ್ಲು ಅಥವಾ ಗುರಾಣಿ, ಅಷ್ಟೇ. ಮೈತುಂಬ ಕಬ್ಬಿಣ ಹೊದ್ದವರು ಕಾಣುವುದಿಲ್ಲ. ನಮ್ಮ ಬಿಸಿಲಿಗೆ ಅದು ಸರಿಯೇ. ಆಟದ ನಿಯಮವೂ ಅದನ್ನೇ ಹೇಳುತ್ತದೆ: ಸುಮಾರು 38 ಡಿಗ್ರಿ ಮೇಲಿನ ಸುಡುಬಿಸಿಲಲ್ಲಿ, ಕುಡಿಯಲು ನೀರಿಲ್ಲದೆ ಇದ್ದರೆ ಗಂಟೆಗೊಮ್ಮೆ ದಾಳ ಎಸೆದು ತಡೆದುಕೊಳ್ಳಬೇಕು, ನಡುವಿನ ಅಥವಾ ಭಾರದ ಕವಚ ತೊಟ್ಟವರು ಎರಡೆಸೆದು ಚಿಕ್ಕದನ್ನು ಇಟ್ಟುಕೊಳ್ಳಬೇಕು.

ನಾಲ್ಕನೆಯ ಭಾನುವಾರ ಏಳು ಕವಚ, ಒಂದು ಗುರಾಣಿ, ಇಪ್ಪತ್ತರ ಮೇಲೆ ಆಯುಧ, ಸಾಮಾನಿನ ಬಿಲ್ಲೆಗಳು ಒಂದು ಮೊರದಲ್ಲಿ ಸಿದ್ಧವಾದವು. ತಕ್ಕಡಿಯನ್ನು ನಡುಮನೆಯ ಜಂತೆಯ ಕೊಕ್ಕೆಗೆ ನೇತುಹಾಕಿದೆ.

ತಮ್ಮನದು ಮೊದಲು. ಬಲ 16, ಎರಡು 200ರ ಕಲ್ಲು ಒಂದು ಕಡೆ. ಅವನಿಗೆ ಎರಡು ಕೈಯ ದೊಡ್ಡ ಕತ್ತಿಯ ಮೇಲೇ ಕಣ್ಣು. 6 ಮುಖದ ಎರಡು ದಾಳ, ಸರಾಸರಿ 7 ಪೆಟ್ಟು. ಉದ್ದಕತ್ತಿ ಒಂದು ಕೈಯಲ್ಲಿ 8 ಮುಖದ ಒಂದು ದಾಳ, ಸರಾಸರಿ 4.5. ಆದರೆ ದೊಡ್ಡ ಕತ್ತಿ ಹಿಡಿದರೆ ಗುರಾಣಿಗೆ ಕೈ ಉಳಿಯುವುದಿಲ್ಲ. ಚೈನ್ ಮೇಲ್ ತೊಟ್ಟವನ ಎಸಿ 16. ಗುರಾಣಿ ಹಿಡಿದರೆ 18. ಗಾಬ್ಲಿನ್ (ಆಟದ ಕುಳ್ಳ ರಾಕ್ಷಸ) ಹೊಡೆಯುವಾಗ ದಾಳಕ್ಕೆ 4 ಸೇರಿಸುತ್ತದೆ. 16ಕ್ಕೆ ಅದಕ್ಕೆ 12 ಬೀಳಬೇಕು, ನೂರರಲ್ಲಿ 45 ಸಲ ತಾಗುತ್ತದೆ. 18ಕ್ಕೆ 14 ಬೀಳಬೇಕು, 35 ಸಲ. ತಾಗುವ ಏಟಿನಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿಹೋಗುತ್ತದೆ. ಬೆಲೆ 10 ಚಿನ್ನದ ನಾಣ್ಯ, ತೂಕ 6 ಪೌಂಡ್. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ನನಗೆ ಕಂಡಿಲ್ಲ. ಯೋಧನಿಗೆ ಎದುರಿನ ಸಾಲಿನಲ್ಲಿ ನಿಲ್ಲುವ ಕೆಲಸವಿದ್ದರೆ ಮೊದಲು ಗುರಾಣಿ, ಆಮೇಲೆ ಕತ್ತಿಯ ಮಾತು.

ಅವನು ಒಪ್ಪಿ ಚೈನ್ ಮೇಲ್, ಗುರಾಣಿ, ಉದ್ದಕತ್ತಿ, ಎರಡು ಕೈಗೊಡಲಿ ಇಟ್ಟ. 68 ಪೌಂಡ್. ತಟ್ಟೆ ಇನ್ನೂ ಮೇಲೆ. ಆಮೇಲೆ ಹಾಸಿಗೆ, ಹಗ್ಗ, ಪಂಜು, ಬುತ್ತಿ ಅಂತ ಒಂದೇ ಸಲಕ್ಕೆ ಸುರಿದ. ಸರಪಳಿ ಟಣ್ ಅಂತ ಬಿಗಿದು ತಟ್ಟೆ ಕೆಳಗೆ ಕೂತಿತು. ಯಾರೂ ಮಾತಾಡಲಿಲ್ಲ. ಹಾಳೆಯಲ್ಲಿ ವರ್ಷಗಟ್ಟಲೆ ಬರೆದರೂ ಹುಟ್ಟದ ಮೌನ ಅದು.

"ಅಕ್ಕ, ಚೈನ್ ಮೇಲ್ ನಿಜವಾಗ್ಲೂ ಅಷ್ಟು ಭಾರನಾ?"

55 ಪೌಂಡ್ ಅಂದರೆ ಹತ್ತಿರ ಹತ್ತಿರ 25 ಕೆಜಿ. ಅಡುಗೆಮನೆಯಲ್ಲಿ ಒಡೆಯದ 25 ಕೆಜಿ ಸೋನಾ ಮಸೂರಿ ಚೀಲವಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಮಹಡಿಗೆ ಎರಡು ಸಲ ಹತ್ತಿ ಇಳಿ ಅಂದೆ. ಮೂರನೆಯ ಸಲ ತಾನೇ ಹತ್ತಿ ಇಳಿದು, ಗೋಡೆಗೆ ಒರಗಿ ನಿಂತ. ನಿಜದ ಬಳೆಕವಚ ಚೀಲದ ಹಾಗೆ ಒಂದೇ ಕಡೆ ಕೂರುವುದಿಲ್ಲ. ಹೆಗಲ ಮೇಲೆ ಹರಡಿಕೊಂಡು, ಸೊಂಟಪಟ್ಟಿ ಬಿಗಿದರೆ ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ. ಅದನ್ನೂ ಹೇಳಿದೆ. ಆದರೂ ಅವನಿಗೆ ತನ್ನ ಯೋಧನ ಮೈ ಆವತ್ತು ಗೊತ್ತಾಯಿತು. ಉಳಿದ 12 ಪೌಂಡಿನಲ್ಲಿ ನೀರಿನ ಚೀಲ 5, ಮೂರು ದಿನದ ಬುತ್ತಿ 6. ಒಟ್ಟು 79. ದಂಡ ನೆಟ್ಟಗೆ ನಿಂತಿತು, ಮುಳ್ಳು ಮಾತ್ರ ಕೂದಲೆಳೆಯಷ್ಟು ಕಲ್ಲಿನ ಕಡೆಗೆ.

ಅತ್ಯಂತ ಹೆಚ್ಚು ಹೊತ್ತು ಹಿಡಿದದ್ದು ಬೇಟೆಗಾರನ ಆಯ್ಕೆ. ಬಲ 12, ಮಿತಿ 60 ಪೌಂಡ್. ಚುರುಕಿನಿಂದ ಎಸಿಗೆ ಸೇರುವ ಕೂಡಿಕೆ 2. ಅವನ ಮುಂದೆ ಎರಡು ಹಸಿರು ಬಿಲ್ಲೆ: ಬಳೆ ಹೆಣೆದ ಅಂಗಿಯಂಥ ಚೈನ್ ಶರ್ಟ್, ಲೋಹದ ಹುರುಪೆಯ ಸ್ಕೇಲ್ ಮೇಲ್. ಎರಡಕ್ಕೂ ಬೆಲೆ 50 ನಾಣ್ಯವೇ. ಮೊದಲನೆಯದರಲ್ಲಿ ಎಸಿ 15, ಎರಡನೆಯದರಲ್ಲಿ 16. ಹಾಳೆಯ ಮೇಲಾದರೆ ಯಾರಾದರೂ ಸ್ಕೇಲ್ ಮೇಲ್ ತೆಗೆದುಕೊಳ್ಳುತ್ತಾರೆ, ಅವನೂ ತೆಗೆದುಕೊಂಡ. ಕೈಯಲ್ಲಿ ಹಿಡಿದ ತಕ್ಷಣ ಇನ್ನೊಂದನ್ನೂ ಎತ್ತಿ ನೋಡಿದ. 225 ಗ್ರಾಂ, 100 ಗ್ರಾಂ. ಉದ್ದಬಿಲ್ಲು, ಬತ್ತಳಿಕೆ, 20 ಬಾಣ, ಎರಡು ಗಿಡ್ಡಕತ್ತಿ ಇಟ್ಟಾಗ ಸ್ಕೇಲ್ ಮೇಲಿನವನಿಗೆ 7 ಪೌಂಡ್ ಉಳಿಯಿತು, ಚೈನ್ ಶರ್ಟಿನವನಿಗೆ 32.

ತೂಕಕ್ಕಿಂತ ದೊಡ್ಡದು ಸದ್ದು. ಸ್ಕೇಲ್ ಮೇಲ್ ತೊಟ್ಟು ಕದ್ದು ನಡೆಯುವಾಗ ಎರಡು ದಾಳ ಎಸೆದು ಚಿಕ್ಕದನ್ನು ಇಟ್ಟುಕೊಳ್ಳಬೇಕು. ಚೈನ್ ಶರ್ಟಿಗೆ ಆ ತೊಡಕಿಲ್ಲ. ಎಚ್ಚರದ ಗಾಬ್ಲಿನ್‌ನ ಕಿವಿ ತಪ್ಪಿಸಲು ಒಟ್ಟು 9 ಬೇಕು, ಅವನು ದಾಳಕ್ಕೆ 4 ಸೇರಿಸುತ್ತಾನೆ, ಅಂದರೆ ದಾಳದಲ್ಲಿ 5 ಬಿದ್ದರೆ ಸಾಕು. ಚೈನ್ ಶರ್ಟಿನಲ್ಲಿ ನೂರಕ್ಕೆ 80 ಸಲ ದಾಟುತ್ತಾನೆ. ಸ್ಕೇಲ್ ಮೇಲಿನಲ್ಲಿ ಎರಡೂ ದಾಳ ದಾಟಬೇಕು, 64 ಸಲ. ಅದರ ಬದಲಿಗೆ ಸಿಗುವ ಒಂದು ಎಸಿ ತಪ್ಪಿಸುವುದು ಇಪ್ಪತ್ತು ಏಟಿಗೆ ಒಂದನ್ನು. ಕಾಡಿನಲ್ಲಿ ಮುಂದೆ ಹೋಗಿ ದಾರಿ ನೋಡಿ ಬರುವವನಿಗೆ ಇದು ನಷ್ಟದ ಬಾಬತ್ತು. "ಆಂಟಿ, ಹಾಗಾದ್ರೆ ಸ್ಕೇಲ್ ಮೇಲ್ ಯಾರಿಗೆ?" ಅಂದ. ಗುಂಪಿನ ನಡುವೆ ನಿಂತು ಹೊಡೆಯುವವರಿಗೆ, ಯಾರಿಗೂ ಕಾಣದೆ ಹೋಗಬೇಕು ಅನ್ನುವ ಗೊಡವೆ ಇಲ್ಲದವರಿಗೆ. ಅವನು ಚೈನ್ ಶರ್ಟ್ ಇಟ್ಟುಕೊಂಡು, ಉಳಿದ ಭಾರದಲ್ಲಿ ನಾಯಿಯ ಬುತ್ತಿಗೂ ಜಾಗ ಮಾಡಿದ.

ಕಳ್ಳಿಯದು ಬೇಗ ಮುಗಿಯಿತು. ಬಲ 8, ಚುರುಕಿನ ಕೂಡಿಕೆ 3. ಲೆದರ್‌ನಲ್ಲಿ ಎಸಿ 14, ಮೊಳೆ ಹೊಡೆದ ಲೆದರ್‌ನಲ್ಲಿ 15. ಬೆಲೆ 10ರಿಂದ 45ಕ್ಕೆ ಏರುತ್ತದೆ, ತೂಕ 3 ಪೌಂಡ್ ಅಷ್ಟೇ. ಅವಳು ಲೆದರ್ ಹಿಡಿದು, ಉಳಿದ ದುಡ್ಡಲ್ಲಿ ರೇಪಿಯರ್ ಅನ್ನುವ ತೆಳು ಕತ್ತಿ ಕೊಂಡಳು. ಮೊದಲ ಲೂಟಿಯ ದುಡ್ಡಿಗೆ ಮೊಳೆಯದು ತರುತ್ತೇನೆ ಅಂತ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು. ಅದೇ ಸರಿ.

ಮಾಂತ್ರಿಕನ ತಟ್ಟೆ ಖಾಲಿ ಖಾಲಿ. ಅಭ್ಯಾಸವಿಲ್ಲದ ಕವಚ ತೊಟ್ಟರೆ ಮಂತ್ರವೇ ಹೊರಡುವುದಿಲ್ಲ, ಹಾಗಾಗಿ ಯಜಮಾನರಿಗೆ ದೊಣ್ಣೆ, ಚೂರಿ, ಮಂತ್ರದ ಪುಸ್ತಕ, ಸಾಮಗ್ರಿಯ ಚೀಲ, ಒಟ್ಟು 10 ಪೌಂಡ್. ಮೇಜ್ ಆರ್ಮರ್ ಮಂತ್ರ ಹಾಕಿಕೊಂಡರೆ 8 ಗಂಟೆ ಕಾಲ ಎಸಿ 15, ಬೇಟೆಗಾರನ ಚೈನ್ ಶರ್ಟಿಗೆ ಸಮ. ಆದರೆ ಮೊದಲ ಮಟ್ಟದಲ್ಲಿ ಎರಡೇ ಮಂತ್ರಕ್ಕೆ ಶಕ್ತಿ. ಅದರಲ್ಲಿ ಒಂದು ಇದಕ್ಕೇ ಹೋಗುತ್ತದೆ. ಅವರು ಖಾಲಿ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ತಮ್ಮನ ಕಡೆ ಕೈ ಚಾಚಿ, "ತಾರಪ್ಪ, ಹಗ್ಗ ನಂಗೆ ಕೊಡು" ಅಂದರು. ಹಗ್ಗ 10, ಪಂಜು 10, ತಮ್ಮನ ಹಾಸಿಗೆ 7. ಬಲ 10ರ ಮಾಂತ್ರಿಕ 37 ಹೊತ್ತ, ಇನ್ನೂ 13 ಉಳಿಯಿತು. ಬೇಟೆಗಾರ ಉಳಿದ ಬುತ್ತಿ ತೆಗೆದುಕೊಂಡ. ಇಷ್ಟು ವರ್ಷ ಒಬ್ಬೊಬ್ಬರೂ ತಮ್ಮ ಹಾಳೆಯ ಮೇಲೆ ಬಗ್ಗಿ ತಮ್ಮ ಕವಚ ಆರಿಸುತ್ತಿದ್ದವರು, ಆವತ್ತು ನಾಲ್ವರೂ ಒಂದೇ ಮೊರದ ಸುತ್ತ ಕೂತು ಯಾರ ಭಾರ ಯಾರಿಗೆ ಅಂತ ಮಾತಾಡಿದರು. ನಾನು ಕಟ್ಟಬೇಕು ಅಂದುಕೊಂಡದ್ದು ತೂಕದ ಲೆಕ್ಕ. ಕೈಗೆ ಬಂದದ್ದು ಇದು.

ಎರಡನೆಯ ಆಟದಲ್ಲಿ ರಾತ್ರಿ ಹೊಳೆ ದಾಟಬೇಕಾಯಿತು, ಹರಿಗೋಲಿನಲ್ಲಿ. ತಟ್ಟೆ ಕೆಳಗೆ ಕೂತವರು ನೀರಿಗೆ ಬಿದ್ದರೆ ಈಜಲಾರರು ಅನ್ನುವುದು ನಮ್ಮ ಮನೆಯ ಕಟ್ಟಳೆ. ತಮ್ಮ ದಾರಿಯಲ್ಲಿ ಸಿಕ್ಕ ನಾಣ್ಯದ ಗಂಟು ಎತ್ತಿಕೊಂಡಿದ್ದ. 50 ನಾಣ್ಯಕ್ಕೆ ಒಂದು ಪೌಂಡ್, ಗಂಟಿನಲ್ಲಿ 200. ಮುಳ್ಳು ಸಾಮಾನಿನ ಕಡೆ ತಿರುಗಿತ್ತು. ಭಾರದ ಕವಚ ಕಳಚಲು 5 ನಿಮಿಷ ಬೇಕು, 6 ಸೆಕೆಂಡಿನ ಸುತ್ತಿನ ಲೆಕ್ಕದಲ್ಲಿ 50 ಸುತ್ತು. ಮತ್ತೆ ತೊಡಲು 10 ನಿಮಿಷ. ಆಚೆ ದಡದಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಕವಚ ತೊಟ್ಟೇ ಹೋಗುವುದೋ, ಬಿಚ್ಚಿ ಹರಿಗೋಲಿನ ತಳದಲ್ಲಿಟ್ಟು ಬರಿಮೈಯಲ್ಲಿ ದಡ ಹತ್ತುವುದೋ ಅಂತ ಹತ್ತು ನಿಮಿಷ ವಾದ ನಡೆಯಿತು. ಬೆಲ್ಲದ ಲೆಕ್ಕ ಮುಗಿಸಿ ಮಗಳನ್ನು ಕರೆದೊಯ್ಯಲು ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದವರು, "ಗಂಟು ಆ ಸಾಮಿ ಕೈಗೆ ಕೊಡ್ಲಾ, ಅವರ ತಟ್ಟೆ ಖಾಲಿ ಅದಲ್ಲ" ಅಂದರು. ನಾಲ್ಕು ಪೌಂಡ್ ಇಳಿಯಿತು. ದಂಡ ನೆಟ್ಟಗಾಯಿತು, ಹರಿಗೋಲು ಹೊರಟಿತು.

ಇನ್ನು ಬಾಕಿ ಇರುವುದು: ರಿಂಗ್ ಮೇಲ್, ಸ್ಪ್ಲಿಂಟ್, ಹಾಫ್ ಪ್ಲೇಟ್, ಪ್ಯಾಡೆಡ್, ಹೈಡ್. ಸ್ಪ್ಲಿಂಟ್‌ಗೆ ಹದಿನೇಳೂವರೆ ಮಿಮೀ ಬಿಲ್ಲೆ ಲೇತ್ ಅಂಗಡಿಯಲ್ಲಿ ಕೊಯ್ದು ಇಟ್ಟಿದ್ದಾರೆ, ಗುರುವಾರ ತರಬೇಕು. ಲೆದರ್ ಬಿಲ್ಲೆಯ ಮುಚ್ಚಳ ಬಿಚ್ಚಿ ಒಂದು ವಾಷರ್ ತೆಗೆಯಬೇಕು. ನಾಯಿಗೆ ಬೇರೆ ಬಿಲ್ಲೆ ಬೇಡ, ಅದು ತನ್ನ ಕಾಲ ಮೇಲೆ ತಾನೇ ನಡೆಯುತ್ತದೆ ಅಂತ ಹುಡುಗ ಹೇಳಿದ್ದಾನೆ.